ಮನೋರೋಗ ಔಷಧಿಗಳಲ್ಲಿ ಬ್ರಾಂಡ್–ಜನರಿಕ್ ಬದಲಾವಣೆ

ಮಾನಸಿಕ ಕಾಯಿಲೆಗೆ ಒಂದು ಕಂಪೆನಿಯ ಔಷಧಿ ತೆಗೆದುಕೊಳ್ಳುತ್ತಿರುವ ರೋಗಿಗೆ, ಔಷಧಾಂಶವನ್ನೂ ಅದರ ಪ್ರಮಾಣವನ್ನೂ ಹಾಗೆಯೇ ಇಟ್ಟುಕೊಂಡು ಬೇರೆ ತಯಾರಕರ ಔಷಧಿಯನ್ನು ಕೊಡುವುದಕ್ಕೆ ಬ್ರಾಂಡ್–ಜನರಿಕ್ ಬದಲಾವಣೆ ಎಂದು ಹೆಸರು. ಮೂಲ ಬ್ರಾಂಡಿನಿಂದ ಜನರಿಕ್‌ಗೆ ಹೋಗುವುದು, ಜನರಿಕ್‌ನಿಂದ ಮೂಲ ಬ್ರಾಂಡಿಗೆ ಮರಳುವುದು, ಒಂದು ಜನರಿಕ್ ಬಿಟ್ಟು ಇನ್ನೊಂದು ಜನರಿಕ್ ಹಿಡಿಯುವುದು ಮೂರೂ ಇದರೊಳಗೆ ಬರುತ್ತವೆ. ಔಷಧಾಂಶವೇ ಬೇರೆಯಾದರೆ ಅದು ಚಿಕಿತ್ಸೆಯ ಬದಲಾವಣೆ, ಇಲ್ಲಿನ ವಿಷಯವಲ್ಲ. ಸಿಟಾಲೋಪ್ರಾಮ್ ಮತ್ತು ಎಸ್ಸಿಟಾಲೋಪ್ರಾಮ್ ಹೆಸರಿನಲ್ಲಿ ಹತ್ತಿರವಿದ್ದರೂ ಬೇರೆ ಬೇರೆ ಔಷಧಿಗಳು. ಮೊದಲನೆಯದರ 20 ಮಿ.ಗ್ರಾಂ ಸುಮಾರಾಗಿ ಎರಡನೆಯದರ 10 ಮಿ.ಗ್ರಾಂಗೆ ಸಮ. ವೆನ್ಲಾಫ್ಯಾಕ್ಸಿನ್ ಮತ್ತು ಡೆಸ್‌ವೆನ್ಲಾಫ್ಯಾಕ್ಸಿನ್ ಕೂಡ ಹಾಗೆಯೇ.

ಇಂಥ ಬದಲಾವಣೆ ಎಲ್ಲ ಕಾಯಿಲೆಗಳಲ್ಲೂ ಇದೆ. ಆದರೆ ರಕ್ತದೊತ್ತಡದ ಮಾತ್ರೆ ಬದಲಾದರೆ ಯಂತ್ರವಿಟ್ಟು ಅಳೆಯಬಹುದು, ಸಕ್ಕರೆ ಕಾಯಿಲೆಯ ಮಾತ್ರೆ ಬದಲಾದರೆ ರಕ್ತಪರೀಕ್ಷೆ ಹೇಳುತ್ತದೆ. ಖಿನ್ನತೆಯ ಮಾತ್ರೆ ಬದಲಾದಾಗ ರೋಗಿಯ ಮಾತು, ಮನೆಯವರ ಗಮನ, ವೈದ್ಯರ ಸಂದರ್ಶನ ಬಿಟ್ಟರೆ ಬೇರೆ ಅಳತೆಗೋಲಿಲ್ಲ. ಕಾಯಿಲೆಯೂ ತನ್ನಷ್ಟಕ್ಕೆ ಏರಿಳಿಯುವಂಥದ್ದು. ಮನೋವೈದ್ಯಶಾಸ್ತ್ರದಲ್ಲಿ ಈ ವಿಷಯ ಪ್ರತ್ಯೇಕ ಚರ್ಚೆಯಾಗಿ ಬೆಳೆದದ್ದು ಈ ಕಾರಣದಿಂದ.

ಪರಿಭಾಷೆ

ಔಷಧಾಂಶಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹೆಸರು ಜನರಿಕ್ ಹೆಸರು. ಅದನ್ನು ಮಾರುವ ಕಂಪೆನಿ ಇಟ್ಟುಕೊಂಡ ಹೆಸರು ಬ್ರಾಂಡ್ ಹೆಸರು. ಫ್ಲೂಆಕ್ಸೆಟಿನ್ ಎಂಬುದು ಜನರಿಕ್ ಹೆಸರು. ಅದನ್ನು ಕಂಡುಹಿಡಿದ ಅಮೆರಿಕದ ಎಲೈ ಲಿಲ್ಲಿ ಕಂಪೆನಿ ಅದನ್ನು ಪ್ರೋಜಾಕ್ ಎಂದು ಮಾರಿತು. ಭಾರತದಲ್ಲಿ ಅದೇ ಔಷಧಾಂಶ ಫ್ಲೂಡ್ಯಾಕ್, ಪ್ರೋಡೆಪ್ ಮುಂತಾದ ಹೆಸರುಗಳಲ್ಲಿ ಬಂತು.

ಈ ಲೇಖನದಲ್ಲಿ ನಾಲ್ಕು ಪದಗಳನ್ನು ಹೀಗೆ ಬಳಸಲಾಗಿದೆ. ಔಷಧಾಂಶವನ್ನು ಮೊದಲು ಕಂಡುಹಿಡಿದು ಅನುಮತಿ ಪಡೆದ ಕಂಪೆನಿಯ ತಯಾರಿಕೆ ‘ಮೂಲ ಬ್ರಾಂಡ್’. ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪೆನಿಗಳು ಔಷಧಾಂಶದ ಹೆಸರಿನಲ್ಲೇ ಮಾರುವುದು ‘ಜನರಿಕ್’. ಆ ಬೇರೆ ಕಂಪೆನಿಗಳು ತಮ್ಮದೇ ಹೆಸರಿಟ್ಟು ಮಾರಿದರೆ ಅದು ‘ಬ್ರಾಂಡೆಡ್ ಜನರಿಕ್’. ಮೂಲ ಕಂಪೆನಿಯೇ ತನ್ನ ಕಾರ್ಖಾನೆಯ ಮಾತ್ರೆಯನ್ನು ಬ್ರಾಂಡ್ ಹೆಸರಿಲ್ಲದೆ, ಹಲವು ವೇಳೆ ಬೇರೆ ಮಾರಾಟಗಾರರ ಮೂಲಕ ಬಿಟ್ಟರೆ ಅದು ‘ಅಧಿಕೃತ ಜನರಿಕ್’. ಕೊನೆಯದರಲ್ಲಿ ಮಾತ್ರೆ ಅದೇ, ಬದಲಾಗಿರುವುದು ಹೆಸರು ಮಾತ್ರ.

ಭಾರತದ ಮೆಡಿಕಲ್ ಶಾಪಿನಲ್ಲಿ ‘ಬ್ರಾಂಡ್ ಮಾತ್ರೆ’ ಎಂದು ಕರೆಯುವುದು ಬಹುಪಾಲು ಬ್ರಾಂಡೆಡ್ ಜನರಿಕ್. ವಿದೇಶದ ಅಧ್ಯಯನಗಳನ್ನು ಇಲ್ಲಿಗೆ ಅನ್ವಯಿಸುವಾಗ ಈ ವ್ಯತ್ಯಾಸ ಮರೆತರೆ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಅಲ್ಲಿನ ಪ್ರಶ್ನೆ ಮೂಲ ಬ್ರಾಂಡಿಗೂ ಜನರಿಕ್‌ಗೂ ನಡುವಿನದು; ಇಲ್ಲಿನದು ಹೆಚ್ಚಾಗಿ ಜನರಿಕ್ ಜನರಿಕ್‌ಗಳ ನಡುವಿನದು.

ಹಿನ್ನೆಲೆ

ಆಧುನಿಕ ಮನೋರೋಗ ಔಷಧಿಗಳ ಕಾಲ ಕ್ಲೋರ್‌ಪ್ರೊಮಜಿನ್‌ನಿಂದ ಆರಂಭವಾಯಿತು. ಫ್ರಾನ್ಸಿನ ರೋನ್–ಪುಲೆಂಕ್ ಕಂಪೆನಿಯ ಪ್ರಯೋಗಾಲಯದಲ್ಲಿ 1951ರ ಡಿಸೆಂಬರ್‌ನಲ್ಲಿ ತಯಾರಾದ ಈ ವಸ್ತುವನ್ನು 1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ರೋಗಿಗಳಿಗೆ ಕೊಟ್ಟು ಫಲ ಕಂಡರು. ಯುರೋಪಿನಲ್ಲಿ ಅದು ಲಾರ್ಗ್ಯಾಕ್ಟಿಲ್, ಅಮೆರಿಕದಲ್ಲಿ ಥೊರಾಜಿನ್. ಒಂದೇ ವಸ್ತುವಿಗೆ ದೇಶಕ್ಕೊಂದು ಹೆಸರು ಎಂಬುದು ಈ ಕ್ಷೇತ್ರದಲ್ಲಿ ಮೊದಲ ದಿನದಿಂದಲೂ ಇದೆ.

ಆ ದಶಕದಲ್ಲಿ ಅಮೆರಿಕದ ರಾಜ್ಯಗಳು ವೈದ್ಯರು ಬರೆದ ಬ್ರಾಂಡನ್ನು ಔಷಧಿ ಅಂಗಡಿಯವರು ಬದಲಿಸಬಾರದೆಂದು ಕಾನೂನು ಮಾಡಿದವು. 1970ರ ದಶಕದಿಂದ ಅವು ಒಂದೊಂದಾಗಿ ಸಡಿಲಗೊಂಡವು. ಅಷ್ಟರಲ್ಲಿ ‘ಔಷಧಾಂಶ ಒಂದೇ ಆದರೆ ಪರಿಣಾಮವೂ ಒಂದೇ’ ಎಂಬ ನಂಬಿಕೆಗೆ ಪೆಟ್ಟು ಬಿದ್ದಿತ್ತು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1968ರ ಸುಮಾರಿಗೆ, ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಹಲವರಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಹುಡುಕಿ ನೋಡಿದಾಗ ಸಿಕ್ಕ ಕಾರಣ ಕ್ಯಾಪ್ಸೂಲಿನೊಳಗಿನ ತುಂಬುವಸ್ತು: ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ಹಾಕಿದ್ದರಿಂದ ಅದೇ ಪ್ರಮಾಣದ ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರುತ್ತಿತ್ತು. ಔಷಧಾಂಶವಾಗಲಿ ಅದರ ತೂಕವಾಗಲಿ ಬದಲಾಗಿರಲಿಲ್ಲ. ಫೆನಿಟಾಯಿನ್ ಮನೋರೋಗದ ಔಷಧಿಯಲ್ಲದಿದ್ದರೂ ಮುಂದಿನ ನಿಯಮಗಳಿಗೆ ಈ ಪ್ರಕರಣ ಪಾಠವಾಯಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1980ರಲ್ಲಿ ಪರಸ್ಪರ ಬದಲಿಸಬಹುದಾದ ಔಷಧಿಗಳ ಪಟ್ಟಿಯನ್ನು ಪ್ರಕಟಿಸಿತು. ರಕ್ಷಾಪುಟದ ಬಣ್ಣದಿಂದ ಅದಕ್ಕೆ ‘ಆರೆಂಜ್ ಬುಕ್’ ಎಂಬ ಹೆಸರು ಬಂತು. 1984ರ ಹ್ಯಾಚ್–ವ್ಯಾಕ್ಸ್‌ಮನ್ ಕಾಯಿದೆಯು, ಜನರಿಕ್ ತಯಾರಕರು ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಗಳನ್ನು ಮತ್ತೆ ನಡೆಸಬೇಕಿಲ್ಲ, ಮೂಲ ಬ್ರಾಂಡಿಗೆ ಜೈವಿಕ ಸಮಾನತೆ ತೋರಿಸಿದರೆ ಸಾಕು ಎಂದಿತು. ಮನೋರೋಗ ಔಷಧಿಗಳಲ್ಲಿ ಇದರ ದೊಡ್ಡ ಪರಿಣಾಮ ಕಂಡದ್ದು 2001ರ ಆಗಸ್ಟ್‌ನಲ್ಲಿ. ಪ್ರೋಜಾಕ್‌ನ ಪೇಟೆಂಟ್ ರಕ್ಷಣೆ ಮುಗಿದಾಗ ಬಾರ್ ಲ್ಯಾಬೊರೇಟರೀಸ್ ಫ್ಲೂಆಕ್ಸೆಟಿನ್ ಜನರಿಕ್ ಅನ್ನು ಬಿಡುಗಡೆ ಮಾಡಿತು, 40 ಮಿ.ಗ್ರಾಂ ಕ್ಯಾಪ್ಸೂಲನ್ನು ಮೊದಲು ತಂದದ್ದು ಹೈದರಾಬಾದಿನ ಡಾ. ರೆಡ್ಡೀಸ್.

ಜೈವಿಕ ಸಮಾನತೆ

ಬಾಯಿಂದ ತೆಗೆದುಕೊಂಡ ಔಷಧಿಯಲ್ಲಿ ಎಷ್ಟು ಭಾಗ, ಎಷ್ಟು ವೇಗದಲ್ಲಿ ರಕ್ತಕ್ಕೆ ಸೇರುತ್ತದೆ ಎಂಬುದು ಅದರ ಜೈವಿಕ ಲಭ್ಯತೆ. ಎರಡು ತಯಾರಿಕೆಗಳ ಜೈವಿಕ ಲಭ್ಯತೆಯಲ್ಲಿ ಗಣನೀಯ ವ್ಯತ್ಯಾಸ ಇಲ್ಲದಿದ್ದರೆ ಅವು ಜೈವಿಕವಾಗಿ ಸಮಾನ.

ಪರೀಕ್ಷೆಯ ಕ್ರಮ ಸರಳ. ಸಾಮಾನ್ಯವಾಗಿ ಕೆಲವು ಡಜನ್ ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಬ್ರಾಂಡನ್ನೂ, ಅದು ದೇಹದಿಂದ ಪೂರ್ತಿ ಹೊರಹೋದ ಮೇಲೆ ಜನರಿಕ್ ಅನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಗೊತ್ತಾದ ಹೊತ್ತುಗಳಲ್ಲಿ ರಕ್ತ ತೆಗೆದು ಎರಡು ಅಂಶಗಳನ್ನು ಲೆಕ್ಕಹಾಕುತ್ತಾರೆ: ರಕ್ತದಲ್ಲಿ ಔಷಧಿ ಮುಟ್ಟಿದ ಗರಿಷ್ಠ ಮಟ್ಟ ಮತ್ತು ಒಟ್ಟಾರೆ ರಕ್ತಕ್ಕೆ ಸೇರಿದ ಪ್ರಮಾಣ. ಜನರಿಕ್ ಮತ್ತು ಮೂಲ ಬ್ರಾಂಡಿನ ಅನುಪಾತದ ಶೇ. 90 ವಿಶ್ವಾಸ ವ್ಯಾಪ್ತಿಯು ಶೇ. 80ರಿಂದ 125ರ ಒಳಗೆ ಪೂರ್ತಿಯಾಗಿ ಕೂತರೆ ಸಮಾನತೆ ಸಿದ್ಧವಾದಂತೆ.

ಈ ಎರಡು ಅಂಕಿಗಳಷ್ಟು ತಪ್ಪು ಅರ್ಥಕ್ಕೆ ಗುರಿಯಾದದ್ದು ಈ ವಿಷಯದಲ್ಲಿ ಇನ್ನೊಂದಿಲ್ಲ. ಜನರಿಕ್ ಮಾತ್ರೆಯಲ್ಲಿ ಔಷಧಾಂಶ ಶೇ. 20 ಕಡಿಮೆ ಅಥವಾ ಶೇ. 25 ಹೆಚ್ಚು ಇರಬಹುದು ಎಂದು ಹಲವರು ಓದಿಕೊಳ್ಳುತ್ತಾರೆ. ಮಾತ್ರೆಯೊಳಗಿನ ಔಷಧಾಂಶದ ತೂಕಕ್ಕೆ ಬೇರೆ ಮಿತಿಗಳಿವೆ. ಔಷಧಕೋಶಗಳು ಅದನ್ನು ಇದಕ್ಕಿಂತ ಬಿಗಿಯಾಗಿ ನಿಗದಿಪಡಿಸುತ್ತವೆ. 80–125 ಎಂಬುದು ಸರಾಸರಿಯ ಮಿತಿಯಲ್ಲ, ಆ ಸರಾಸರಿಯ ಸುತ್ತಲಿನ ಅನಿಶ್ಚಿತತೆಯ ಮಿತಿ. ಸರಾಸರಿಯೇ 85ಕ್ಕೆ ಇಳಿದರೆ ಅದರ ಸುತ್ತಲಿನ ವ್ಯಾಪ್ತಿ 80ರ ಕೆಳಗೆ ಜಾರುವುದೇ ಹೆಚ್ಚು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಧಿಕಾರಿಗಳು 1996ರಿಂದ 2007ರವರೆಗೆ ಸಲ್ಲಿಕೆಯಾದ 2,070 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಟ್ಟು ಪ್ರಮಾಣದ ಸರಾಸರಿ ವ್ಯತ್ಯಾಸ ಶೇ. 3.56, ಗರಿಷ್ಠ ಮಟ್ಟದ್ದು ಶೇ. 4.35.

ಪರೀಕ್ಷೆಗೆ ಮಿತಿಗಳೂ ಇವೆ. ಪ್ರತಿ ಜನರಿಕ್ ಅನ್ನು ಮೂಲ ಬ್ರಾಂಡಿನ ಜೊತೆ ಹೋಲಿಸುತ್ತಾರೆ, ಒಂದು ಜನರಿಕ್ ಅನ್ನು ಮತ್ತೊಂದರ ಜೊತೆಯಲ್ಲ. ಬಹುಪಾಲು ಪರೀಕ್ಷೆಗಳು ಒಂದೇ ಡೋಸಿನವು, ರೋಗಿಗಳಲ್ಲದವರ ಮೇಲೆ ನಡೆಯುವಂಥವು. ಕ್ಲೋಜಪೀನ್ ಇದಕ್ಕೆ ಅಪವಾದ: ಆರೋಗ್ಯವಂತರಿಗೆ ಕೊಟ್ಟರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ಅದನ್ನು ಈಗಾಗಲೇ ಆ ಔಷಧಿಯ ಮೇಲಿರುವ ರೋಗಿಗಳಲ್ಲೇ ಪರೀಕ್ಷಿಸುವ ಕ್ರಮವಿದೆ. ಅಲ್ಪ ವ್ಯತ್ಯಾಸವೂ ಹಾನಿ ಮಾಡಬಲ್ಲ ಔಷಧಿಗಳಿಗೆ ಯುರೋಪಿನ ನಿಯಂತ್ರಕರು ಮಿತಿಯನ್ನು 90ರಿಂದ 111ಕ್ಕೆ ಬಿಗಿಗೊಳಿಸಿದ್ದಾರೆ.

ಮಾತ್ರೆಯ ರಚನೆ ಮತ್ತು ನಿಧಾನ ಬಿಡುಗಡೆ

ಮಾತ್ರೆಯೊಳಗೆ ಔಷಧಾಂಶದ ಜೊತೆ ತುಂಬುವಸ್ತು, ಅಂಟು, ಬಣ್ಣ, ಹೊರಲೇಪ ಇರುತ್ತವೆ. ಇವುಗಳಿಗೆ ಪೂರಕ ವಸ್ತುಗಳೆಂದು ಹೆಸರು. ತಯಾರಕರಿಂದ ತಯಾರಕರಿಗೆ ಬದಲಾಗುವುದು ಇವೇ. ಹೊಟ್ಟೆಯಲ್ಲಿ ಕೂಡಲೇ ಕರಗುವ ಸಾದಾ ಮಾತ್ರೆಗಳಲ್ಲಿ ಇದರ ಪರಿಣಾಮ ಸಾಮಾನ್ಯವಾಗಿ ಗಮನಕ್ಕೆ ಬಾರದಷ್ಟು ಸಣ್ಣದು. ಲ್ಯಾಕ್ಟೋಸ್ ಒಗ್ಗದವರಿಗೆ, ಕೆಲವು ಬಣ್ಣಗಳ ಅಲರ್ಜಿ ಇರುವವರಿಗೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ನಿಧಾನ ಬಿಡುಗಡೆಯ ಮಾತ್ರೆಗಳ ಕಥೆ ಬೇರೆ. ಹೆಸರಿನ ಕೊನೆಗೆ ಎಸ್‌ಆರ್, ಸಿಆರ್, ಇಆರ್, ಎಕ್ಸ್‌ಎಲ್, ಎಕ್ಸ್‌ಆರ್ ಎಂಬ ಬಾಲವಿರುವ ಈ ಮಾತ್ರೆಗಳಲ್ಲಿ ಔಷಧಿಯನ್ನು ಗಂಟೆಗಟ್ಟಲೆ ಹಿಡಿದು ಬಿಡುವ ಕೆಲಸ ಮಾಡುವುದು ಪೂರಕ ವಸ್ತುಗಳ ವ್ಯವಸ್ಥೆಯೇ. ಒಬ್ಬ ತಯಾರಕರು ಉಬ್ಬುವ ಜೆಲ್ ಬಳಸಿದರೆ ಇನ್ನೊಬ್ಬರು ಸಣ್ಣ ಹರಳುಗಳ ಮೇಲಿನ ಲೇಪವನ್ನೋ ನೀರಿನ ಒತ್ತಡದಿಂದ ನಡೆಯುವ ಪಂಪನ್ನೋ ಬಳಸುತ್ತಾರೆ. ಜನರಿಕ್ ಬಗ್ಗೆ ರೋಗಿಗಳ ದೂರು ನಿಜವೆಂದು ಸಾಬೀತಾದ ಎರಡು ಪ್ರಸಿದ್ಧ ಪ್ರಕರಣಗಳೂ ಈ ಬಗೆಯ ಮಾತ್ರೆಗಳವು.

ಮೊದಲನೆಯದು ಖಿನ್ನತೆಗೆ ಕೊಡುವ ಬುಪ್ರೋಪಿಯಾನ್. ಇದರ ದಿನಕ್ಕೊಂದು ಮಾತ್ರೆಯ ಮೂಲ ಬ್ರಾಂಡ್ ವೆಲ್‌ಬ್ಯುಟ್ರಿನ್ ಎಕ್ಸ್‌ಎಲ್. 2006ರ ಡಿಸೆಂಬರ್‌ನಲ್ಲಿ ಇಂಪ್ಯಾಕ್ಸ್ ತಯಾರಿಸಿ ಟೇವಾ ಮಾರಿದ ಬುಡೆಪ್ರಿಯಾನ್ ಎಕ್ಸ್‌ಎಲ್ 300 ಮಿ.ಗ್ರಾಂಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ತಿಂಗಳಲ್ಲಿ ತಲೆನೋವು, ಕಳವಳ, ಖಿನ್ನತೆ ಮರಳಿದ ದೂರುಗಳು ಬರತೊಡಗಿದವು. 2007ರಲ್ಲಿ ಕನ್ಸ್ಯೂಮರ್‌ಲ್ಯಾಬ್ ಎಂಬ ಖಾಸಗಿ ಪರೀಕ್ಷಾ ಸಂಸ್ಥೆ ಎರಡೂ ಮಾತ್ರೆಗಳನ್ನು ಕರಗಿಸಿ ನೋಡಿತು: ಮೊದಲ ಎರಡು ಗಂಟೆಗಳಲ್ಲಿ ಜನರಿಕ್ ತನ್ನ ಔಷಧಿಯ ಶೇ. 34ರಷ್ಟನ್ನು ಬಿಟ್ಟಿದ್ದರೆ ಮೂಲ ಬ್ರಾಂಡ್ ಶೇ. 8ರಷ್ಟನ್ನು ಮಾತ್ರ ಬಿಟ್ಟಿತ್ತು. ಆಹಾರ ಮತ್ತು ಔಷಧ ಆಡಳಿತವು ಆರಂಭದಲ್ಲಿ ಇದನ್ನು ಖಿನ್ನತೆಯ ಸಹಜ ಏರಿಳಿತವೆಂದೇ ವಿವರಿಸಿತು. ನಿಜವಾದ ಕೊರತೆ ಪರೀಕ್ಷೆಯ ಕ್ರಮದಲ್ಲೇ ಇತ್ತು. ಹೆಚ್ಚಿನ ಪ್ರಮಾಣದಲ್ಲಿ ಸ್ವಯಂಸೇವಕರಿಗೆ ಸೆಳವು ಬರುವ ಭಯದಿಂದ 300 ಮಿ.ಗ್ರಾಂ ಮಾತ್ರೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಿರಲಿಲ್ಲ, 150 ಮಿ.ಗ್ರಾಂ ಮಾತ್ರೆಯ ಫಲಿತಾಂಶವನ್ನೇ ಅದಕ್ಕೂ ಅನ್ವಯಿಸಲಾಗಿತ್ತು. ಕೊನೆಗೆ ಆಡಳಿತವೇ ತನ್ನ ಖರ್ಚಿನಲ್ಲಿ ಅಧ್ಯಯನ ನಡೆಸಿತು. ಜನರಿಕ್‌ನ ಗರಿಷ್ಠ ಮಟ್ಟ ಮೂಲ ಬ್ರಾಂಡಿನ ಶೇ. 75, ಒಟ್ಟು ಪ್ರಮಾಣ ಶೇ. 86 ಎಂದು ಗೊತ್ತಾಯಿತು. 2012ರ ಅಕ್ಟೋಬರ್‌ನಲ್ಲಿ ಆ ಮಾತ್ರೆ ಸಮಾನವಲ್ಲವೆಂದು ಘೋಷಣೆಯಾಗಿ ಅದು ಮಾರುಕಟ್ಟೆಯಿಂದ ಹೊರಬಿತ್ತು. ದೂರು ಬಂದು ಉತ್ತರ ಸಿಗಲು ಐದು ವರ್ಷಕ್ಕೂ ಹೆಚ್ಚು ಹಿಡಿದಿತ್ತು.

ಎರಡನೆಯದು ಗಮನ ಕೊರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್. ಇದರ ಮೂಲ ಬ್ರಾಂಡ್ ಕಾನ್ಸರ್ಟಾ ನೀರಿನ ಒತ್ತಡದ ಪಂಪು; ಬೆಳಿಗ್ಗೆ ನುಂಗಿದರೆ ಮಗು ಸಂಜೆ ಮನೆಪಾಠ ಮುಗಿಸುವವರೆಗೆ ಕೆಲಸ ಮಾಡಬೇಕೆಂಬ ಲೆಕ್ಕ ಅದರದ್ದು. ಮ್ಯಾಲಿಂಕ್ರಾಡ್ಟ್ ಮತ್ತು ಕುಡ್ಕೊ ಕಂಪೆನಿಗಳ ಜನರಿಕ್‌ಗಳು ನುಂಗಿದ 7ರಿಂದ 12ನೆಯ ಗಂಟೆಯ ನಡುವೆ ಔಷಧಿಯನ್ನು ಬೇಕಾದಷ್ಟು ಬೇಗ ಬಿಡುವುದಿಲ್ಲವೆಂದು ಕಂಡುಬಂದು, 2014ರ ನವೆಂಬರ್‌ನಲ್ಲಿ ಆರೆಂಜ್ ಬುಕ್‌ನಲ್ಲಿನ ಅವುಗಳ ಶ್ರೇಣಿಯನ್ನು ‘ಎಬಿ’ಯಿಂದ ‘ಬಿಎಕ್ಸ್’ಗೆ ಇಳಿಸಲಾಯಿತು. ಮಾರಬಹುದು, ಆದರೆ ಅಂಗಡಿಯವರು ತಾವಾಗಿ ಬದಲಿಸಿ ಕೊಡುವಂತಿಲ್ಲ ಎಂದು ಇದರ ಅರ್ಥ.

ಹೆಚ್ಚು ಎಚ್ಚರ ಬೇಡುವ ಔಷಧಿಗಳು

ಫಲ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಕಡಿಮೆ ಇರುವ ಔಷಧಿಗಳಲ್ಲಿ ತಯಾರಿಕೆಯ ಸಣ್ಣ ವ್ಯತ್ಯಾಸವೂ ದೊಡ್ಡದಾಗಬಹುದು. ಮನೋವೈದ್ಯಶಾಸ್ತ್ರದಲ್ಲಿ ಇವುಗಳಲ್ಲಿ ಮೊದಲ ಹೆಸರು ಲಿಥಿಯಂ.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಬಳಸಿ ತೋರಿಸಿದ ಲಿಥಿಯಂ ಇಂದಿಗೂ ಬೈಪೋಲಾರ್ ಕಾಯಿಲೆಯ ಮುಖ್ಯ ಔಷಧಿ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ಕೈನಡುಕ, ವಾಂತಿ, ತೂರಾಟದಂಥ ವಿಷಲಕ್ಷಣಗಳು ಶುರುವಾಗಬಹುದು. ಭಾರತದಲ್ಲಿ ಇದು 300 ಮಿ.ಗ್ರಾಂನ ಸಾದಾ ಮಾತ್ರೆಯಾಗಿಯೂ 400 ಮಿ.ಗ್ರಾಂನ ನಿಧಾನ ಬಿಡುಗಡೆಯ ಮಾತ್ರೆಯಾಗಿಯೂ ಸಿಗುತ್ತದೆ. ದಿನಕ್ಕೆ ಮೂರು 300 ಎಂದರೆ 900, ಎರಡು 400 ಎಂದರೆ 800. ಒಂದರಿಂದ ಇನ್ನೊಂದಕ್ಕೆ ಹೋದಾಗ ಒಟ್ಟು ಪ್ರಮಾಣವೂ ಬದಲಾಗುತ್ತದೆ, ರಕ್ತಕ್ಕೆ ಸೇರುವ ವೇಗವೂ ಬದಲಾಗುತ್ತದೆ. ಹೊಸ ಮಾತ್ರೆ ಆರಂಭಿಸಿ ಐದರಿಂದ ಏಳು ದಿನಗಳ ಮೇಲೆ, ಕೊನೆಯ ಡೋಸ್ ತೆಗೆದುಕೊಂಡು 12 ಗಂಟೆ ಕಳೆದಾಗ ರಕ್ತ ಕೊಟ್ಟು ಮಟ್ಟ ನೋಡುವುದು ರೂಢಿ. ಬ್ರಿಟನ್ನಿನಲ್ಲಿ ಲಿಥಿಯಂ ಅನ್ನು ಬ್ರಾಂಡ್ ಹೆಸರಿನಲ್ಲೇ ಬರೆಯಬೇಕೆಂಬ ಮಾರ್ಗಸೂಚಿ ಇದೆ. ಬ್ರಾಂಡ್ ಬದಲಿಸುವುದನ್ನು ಚಿಕಿತ್ಸೆಯನ್ನು ಹೊಸದಾಗಿ ಆರಂಭಿಸಿದಷ್ಟೇ ಜಾಗ್ರತೆಯಿಂದ ಮಾಡಬೇಕೆನ್ನುತ್ತಾರೆ. ಅಲ್ಲಿ 2020ರಲ್ಲಿ ಪ್ರಿಯಾಡೆಲ್ ಎಂಬ ಬ್ರಾಂಡಿನ ಪೂರೈಕೆ ನಿಲ್ಲಿಸುವುದಾಗಿ ಕಂಪೆನಿ ಹೇಳಿದಾಗ ಸ್ಪರ್ಧಾ ಪ್ರಾಧಿಕಾರ ತನಿಖೆ ಆರಂಭಿಸಿತು, ಪೂರೈಕೆ ಮುಂದುವರಿಯಿತು. ಬ್ರಾಂಡ್ ಬದಲಾಗದಿದ್ದರೂ ಉಪ್ಪು ಬಿಡುವುದು, ಬೇಸಿಗೆಯ ಬೆವರು, ಭೇದಿ, ಕೆಲವು ನೋವಿನ ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೋಷ ಯಾವಾಗಲೂ ಹೊಸ ಮಾತ್ರೆಯದ್ದೇ ಆಗಿರುವುದಿಲ್ಲ.

ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. 1975ರಲ್ಲಿ ಫಿನ್‌ಲೆಂಡಿನಲ್ಲಿ ಇದರಿಂದ ಸಾವುಗಳಾದ ಮೇಲೆ ಹಲವು ದೇಶಗಳಲ್ಲಿ ಹಿಂದೆ ಸರಿದಿದ್ದ ಔಷಧಿ, ಕ್ರಮವಾಗಿ ರಕ್ತಪರೀಕ್ಷೆ ಮಾಡಿಸಬೇಕೆಂಬ ಷರತ್ತಿನ ಮೇಲೆ ಮರಳಿತು. ಬ್ರಿಟನ್ನಿನಲ್ಲಿ ಪ್ರತಿ ಬ್ರಾಂಡಿಗೂ ತನ್ನದೇ ರಕ್ತಪರೀಕ್ಷಾ ದಾಖಲೆ ವ್ಯವಸ್ಥೆ ಇರುವುದರಿಂದ ಬ್ರಾಂಡ್ ಬದಲಿಸಿದರೆ ದಾಖಲೆಯನ್ನೂ ವರ್ಗಾಯಿಸಬೇಕು. ಕ್ಲೋಜಪೀನ್‌ನಲ್ಲಿ ಮಾತ್ರೆ ಬದಲಾವಣೆಗಿಂತ ದೊಡ್ಡ ಅಪಾಯ ನಡುವೆ ಬೀಳುವ ಖಾಲಿ ದಿನಗಳದು: 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಲ್ಲೇ ಮುಂದುವರಿಸುವಂತಿಲ್ಲ, ಕಡಿಮೆ ಪ್ರಮಾಣದಿಂದ ಮತ್ತೆ ಏರಿಸಬೇಕು. ಸಿಗರೇಟು ಬಿಟ್ಟರೂ ಇದರ ಮಟ್ಟ ಏರುತ್ತದೆ.

ಮನಸ್ಸಿನ ಏರಿಳಿತ ತಡೆಯಲು ಕೊಡುವ ಮೂರ್ಛೆರೋಗದ ಔಷಧಿಗಳು ಮೂರನೆಯ ಗುಂಪು. ವ್ಯಾಲ್‌ಪ್ರೊಯೇಟ್‌ನಲ್ಲಿ ಸೋಡಿಯಂ ವ್ಯಾಲ್‌ಪ್ರೊಯೇಟ್, ಡೈವ್ಯಾಲ್‌ಪ್ರೊಯೆಕ್ಸ್, ವ್ಯಾಲ್‌ಪ್ರೊಯಿಕ್ ಆಮ್ಲ ಸೇರಿದ ಕ್ರೋನೊ ಮಾತ್ರೆ ಎಂದು ರೂಪಗಳು ಹಲವು. ‘ವ್ಯಾಲ್‌ಪ್ರೊಯೇಟ್ 500’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಡೈವ್ಯಾಲ್‌ಪ್ರೊಯೆಕ್ಸ್‌ನ ಕರುಳಲ್ಲಿ ಕರಗುವ ಮಾತ್ರೆಯಿಂದ ನಿಧಾನ ಬಿಡುಗಡೆಯ ಮಾತ್ರೆಗೆ ಹೋಗುವಾಗ ಪ್ರಮಾಣವನ್ನು ಶೇ. 8ರಿಂದ 20ರಷ್ಟು ಹೆಚ್ಚಿಸಬೇಕೆಂದು ತಯಾರಕರ ಸೂಚನೆಯೇ ಹೇಳುತ್ತದೆ. ಕಾರ್ಬಮಜಪೀನ್ ಮಾತ್ರೆ ತೇವ ಹೀರಿ ಗಟ್ಟಿಯಾದರೆ ಸರಿಯಾಗಿ ಕರಗುವುದಿಲ್ಲ. ಮಳೆಗಾಲದ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಡುವ ಅಭ್ಯಾಸ ಇದಕ್ಕೆ ಹೊಂದುವುದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಕರು 2013ರಲ್ಲಿ ಮೂರ್ಛೆರೋಗದ ಔಷಧಿಗಳನ್ನು ಮೂರು ವರ್ಗ ಮಾಡಿ, ಕಾರ್ಬಮಜಪೀನ್ ಮತ್ತು ಫೆನಿಟಾಯಿನ್ ಇರುವ ಮೊದಲ ವರ್ಗದಲ್ಲಿ ತಯಾರಕರನ್ನು ಬದಲಿಸಬಾರದೆಂದರು. ವ್ಯಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಎರಡನೆಯ ವರ್ಗದಲ್ಲಿದ್ದು ಅಲ್ಲಿ ತೀರ್ಮಾನ ವೈದ್ಯರದು. ಈ ವರ್ಗೀಕರಣ ಮೂರ್ಛೆರೋಗಕ್ಕೆ ಮಾಡಿದ್ದು, ಮನೋರೋಗಕ್ಕಲ್ಲ. ಲ್ಯಾಮೊಟ್ರಿಜಿನ್‌ನ ತೀರಾ ಭಿನ್ನವಾದ ಎರಡು ಜನರಿಕ್‌ಗಳನ್ನು ಮೂರ್ಛೆರೋಗಿಗಳಲ್ಲೇ ಅದಲುಬದಲು ಮಾಡಿ ನೋಡಿದ, 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅವುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್, ಒಲಾಂಜಪೀನ್, ರಿಸ್ಪೆರಿಡೋನ್‌ಗಳ ಸಾದಾ ಮಾತ್ರೆಗಳು ಈ ಯಾವ ಗುಂಪಿಗೂ ಸೇರುವುದಿಲ್ಲ. ಫ್ಲೂಆಕ್ಸೆಟಿನ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ವಸ್ತು ವಾರಗಟ್ಟಲೆ ಉಳಿಯುವುದರಿಂದ ತಯಾರಿಕೆಯ ಸಣ್ಣ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವ ವೆನ್ಲಾಫ್ಯಾಕ್ಸಿನ್‌ನಲ್ಲಿ ಬಿಡುಗಡೆಯ ವೇಗ ಹೆಚ್ಚು ಮುಖ್ಯ.

ನಿರೀಕ್ಷೆ ಮತ್ತು ಮಾತ್ರೆಯ ರೂಪ

ಔಷಧಿಯಿಂದ ಕೆಡುಕಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಕೆಡುಕಿನ ಲಕ್ಷಣಗಳು ಹುಟ್ಟುವುದಕ್ಕೆ ನೊಸಿಬೊ ಪರಿಣಾಮ ಎನ್ನುತ್ತಾರೆ. ಲಕ್ಷಣಗಳು ಸುಳ್ಳಲ್ಲ, ರೋಗಿ ಅವನ್ನು ನಿಜವಾಗಿ ಅನುಭವಿಸುತ್ತಾನೆ. ನ್ಯೂಜಿಲೆಂಡ್ ಸರ್ಕಾರದ ಔಷಧ ಖರೀದಿ ಸಂಸ್ಥೆ ಫಾರ್ಮ್ಯಾಕ್ 2017ರಲ್ಲಿ ವೆನ್ಲಾಫ್ಯಾಕ್ಸಿನ್ ಬಳಸುವವರನ್ನು ಎನ್ಲಾಫ್ಯಾಕ್ಸ್ ಎಂಬ ಒಂದೇ ಜನರಿಕ್‌ಗೆ ಬದಲಿಸಿತು. ಮಾಧ್ಯಮಗಳಲ್ಲಿ ಅದರ ಬಗ್ಗೆ ಸುದ್ದಿ ಬಂದ ಮೇಲೆ ಅಡ್ಡಪರಿಣಾಮಗಳ ದೂರು ಜಿಗಿಯಿತು. ಸುದ್ದಿಯಲ್ಲಿ ಹೆಸರಿಸಿದ ಲಕ್ಷಣಗಳೇ ಹೆಚ್ಚಾಗಿ ವರದಿಯಾದವು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕದ ವಿಮಾ ದಾಖಲೆಗಳನ್ನು ಆಧರಿಸಿದ ಇನ್ನೊಂದು ಅಧ್ಯಯನದಲ್ಲಿ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಜನರಿಕ್ ಬಳಸುವವರು ಆಸ್ಪತ್ರೆ ಸೇರುವುದು ಅಲ್ಪಸ್ವಲ್ಪ ಹೆಚ್ಚೆಂದು ಕಂಡಿತು. ಆದರೆ ಮೂಲ ಕಂಪೆನಿಯದ್ದೇ ಆದ ಅಧಿಕೃತ ಜನರಿಕ್ ಬಳಸುವವರಲ್ಲೂ ಆ ಹೆಚ್ಚಳವಿತ್ತು. ಮಾತ್ರೆ ಒಂದೇ ಆಗಿದ್ದಾಗಲೂ ವ್ಯತ್ಯಾಸ ಕಂಡದ್ದರಿಂದ ಕಾರಣ ಮಾತ್ರೆಯಲ್ಲದಿರುವ ಸಾಧ್ಯತೆ ಹೆಚ್ಚು.

ಬುಪ್ರೋಪಿಯಾನ್ ಪ್ರಕರಣವನ್ನೂ ನ್ಯೂಜಿಲೆಂಡ್ ಪ್ರಕರಣವನ್ನೂ ಎದುರುಬದುರು ಇಟ್ಟರೆ ಈ ವಿಷಯದ ತೊಡಕು ಕಾಣುತ್ತದೆ: ದೂರು ಕೇಳಿದ ಕೂಡಲೇ ಮಾತ್ರೆ ಕೆಟ್ಟದ್ದೆನ್ನುವಂತಿಲ್ಲ, ರೋಗಿಯ ಭ್ರಮೆಯೆಂದು ತಳ್ಳಿಹಾಕುವಂತೆಯೂ ಇಲ್ಲ.

ಮಾತ್ರೆಯ ಬಣ್ಣ, ಆಕಾರ ಬದಲಾದಾಗ ಔಷಧಿಯನ್ನೇ ಬಿಟ್ಟುಬಿಡುವವರಿದ್ದಾರೆ. ಮೂರ್ಛೆರೋಗದ ಮಾತ್ರೆಗಳ ಬಣ್ಣ ಬದಲಾವಣೆ ಕುರಿತ 2013ರ ಅಮೆರಿಕದ ಅಧ್ಯಯನದಲ್ಲಿ, ಔಷಧಿ ಮುಂದುವರಿಸದೆ ನಿಲ್ಲಿಸಿದವರಲ್ಲಿ ಬಣ್ಣ ಬದಲಾಗಿರುವ ಸಾಧ್ಯತೆ ಶೇ. 27 ಹೆಚ್ಚಿತ್ತು. ಓದು ಬಾರದ ರೋಗಿಗೆ, ‘ಬಿಳಿ ಗುಳಿಗೆ ಬೆಳಿಗ್ಗೆ, ಹಳದಿಯದು ರಾತ್ರಿ’ ಎಂದು ಗುರುತಿಟ್ಟುಕೊಂಡ ಅಜ್ಜ ಅಜ್ಜಿಯರಿಗೆ ಬಣ್ಣವೇ ಹೆಸರು. ಅದು ಬದಲಾದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುವ ಅಪಾಯವೂ ಇದೆ.

ಬದಲಾವಣೆಯ ನಂತರ

ಮಾತ್ರೆ ಬದಲಾದ ಮೇಲೆ ತೊಂದರೆ ಕಂಡರೆ ವೈದ್ಯರು ಕೆಲವು ಸಾಧ್ಯತೆಗಳನ್ನು ಬೇರ್ಪಡಿಸಿ ನೋಡುತ್ತಾರೆ. ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಕಿರಿಕಿರಿ ಬಂದರೆ ಔಷಧಿಯ ಮಟ್ಟ ಇಳಿದಿರುವುದು ಅಥವಾ ಡೋಸ್ ತಪ್ಪಿರುವುದು ಕಾರಣವಿರಬಹುದು. ವಾರಗಳ ಮೇಲೆ ನಿದ್ದೆಗೆಟ್ಟು, ಊಟ ಸೇರದೆ, ಹಳೆಯ ಆಲೋಚನೆಗಳು ಮರಳಿದರೆ ಕಾಯಿಲೆ ಮರುಕಳಿಸಿರಬಹುದು. ನಡುಕ, ತೊದಲು, ಮಂಪರು ಹೆಚ್ಚಾದರೆ ಮಟ್ಟ ಏರಿರಬಹುದು. ಮೊದಲು ಕೇಳುವ ಪ್ರಶ್ನೆಗಳು ಸಾದಾ: ಔಷಧಾಂಶ, ಅದರ ಪವರ್, ಹೆಸರಿನ ಬಾಲ ಅದೇ ಇದೆಯೇ? ನಡುವೆ ಎಷ್ಟು ದಿನ ಮಾತ್ರೆ ಇರಲಿಲ್ಲ? ಜೊತೆಗೆ ಹೊಸ ಔಷಧಿ ಸೇರಿದೆಯೇ? ಲಿಥಿಯಂ, ಕ್ಲೋಜಪೀನ್, ವ್ಯಾಲ್‌ಪ್ರೊಯೇಟ್, ಕಾರ್ಬಮಜಪೀನ್‌ಗಳ ಮಟ್ಟವನ್ನು ರಕ್ತದಲ್ಲಿ ಅಳೆಯಬಹುದು. ಉಳಿದವುಗಳಲ್ಲಿ ಹಳೆಯ ತಯಾರಿಕೆಗೆ ಮರಳಿ ಫಲ ನೋಡುವುದು ದಾರಿ. ಹೊಸ ಮಾತ್ರೆಯ ಮೇಲೆ ಅನುಮಾನ ಬಂದು ರೋಗಿ ತಾನಾಗಿ ಔಷಧಿ ನಿಲ್ಲಿಸುವುದು ಬದಲಾವಣೆಗಿಂತ ಹೆಚ್ಚು ಹಾನಿ ಮಾಡುತ್ತದೆ.

ಭಾರತದಲ್ಲಿ

1970ರ ಪೇಟೆಂಟ್ ಕಾಯಿದೆ ಔಷಧಿಗೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಬೇರೆ ದೇಶಗಳಲ್ಲಿ ಪೇಟೆಂಟ್ ಇದ್ದಾಗಲೇ ಭಾರತದ ಕಂಪೆನಿಗಳು ಫ್ಲೂಆಕ್ಸೆಟಿನ್, ಒಲಾಂಜಪೀನ್‌ಗಳನ್ನು ತಮ್ಮ ಹೆಸರಿನಲ್ಲಿ ಮಾರಿದ್ದು ಇದರಿಂದ. 2005ರ ಜನವರಿ 1ರಿಂದ ಔಷಧಿಗೂ ಪೇಟೆಂಟ್ ಬಂತು. ಅಷ್ಟರಲ್ಲಿ ಒಂದೊಂದು ಔಷಧಾಂಶಕ್ಕೂ ಹತ್ತಾರು ಬ್ರಾಂಡುಗಳ ಮಾರುಕಟ್ಟೆ ಬೇರೂರಿತ್ತು.

ಔಷಧ ನಿಯಮಗಳ 65ನೆಯ ನಿಯಮದಂತೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ‘ಎಚ್’ ಪಟ್ಟಿಯ ಔಷಧಿಯನ್ನು ವೈದ್ಯರು ಬರೆದಿದ್ದರೆ ಅಂಗಡಿಯವರು ಅದರ ಬದಲು ಬೇರೆ ತಯಾರಿಕೆಯನ್ನು ಕೊಡುವಂತಿಲ್ಲ, ಔಷಧಾಂಶ ಒಂದೇ ಆಗಿದ್ದರೂ ಕೊಡುವಂತಿಲ್ಲ. ಮನೋರೋಗ ಔಷಧಿಗಳು ಬಹುಪಾಲು ಈ ಪಟ್ಟಿಯವೇ. ಆಲ್‌ಪ್ರಾಜೊಲಾಮ್, ಡಯಾಜೆಪಾಮ್ ಮುಂತಾದವು 2014ರಿಂದ ಜಾರಿಯಲ್ಲಿರುವ, ಇನ್ನೂ ಬಿಗಿಯಾದ ‘ಎಚ್1’ ಪಟ್ಟಿಯಲ್ಲಿವೆ. ನಿಯಮ ಹೀಗಿದ್ದರೂ ‘ಆ ಕಂಪೆನಿದು ಇಲ್ಲ, ಇದೂ ಅದೇ’ ಎಂಬ ಮಾತು ಅಂಗಡಿಗಳಲ್ಲಿ ಅಪರೂಪವಲ್ಲ. ಸ್ಟ್ರಿಪ್ ಕತ್ತರಿಸಿ ಬೇಕಾದಷ್ಟೇ ಮಾತ್ರೆ ಕೊಡುವ ರೂಢಿಯಲ್ಲಿ ಹೆಸರಿರುವ ತುದಿ ಕೆಲವೊಮ್ಮೆ ಅಂಗಡಿಯಲ್ಲೇ ಉಳಿಯುತ್ತದೆ.

ನೀರಿನಲ್ಲಿ ಸುಲಭವಾಗಿ ಕರಗದ ಔಷಧಾಂಶಗಳ ತಯಾರಿಕೆಗೆ ಪರವಾನಗಿ ಬೇಕಾದರೆ ಜೈವಿಕ ಸಮಾನತೆ ತೋರಿಸಬೇಕೆಂಬ ತಿದ್ದುಪಡಿ 2017ರ ಏಪ್ರಿಲ್‌ನಲ್ಲಿ ಬಂತು. ಲೇಬಲ್ಲಿನ ಮೇಲೆ ಔಷಧಾಂಶದ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕೆಂಬ ನಿಯಮ 2018ರದು. ಬೆಲೆಯ ದಿಕ್ಕಿನಿಂದ ದೊಡ್ಡ ಹೆಜ್ಜೆ ಜನೌಷಧಿ: 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆ ತೆರೆದ ಈ ಯೋಜನೆಯಡಿ 2025ರ ಆರಂಭಕ್ಕೆ 15,000 ಕೇಂದ್ರಗಳಾಗಿದ್ದವು. ಅಲ್ಲಿನ ಮಾತ್ರೆ ಔಷಧಾಂಶದ ಹೆಸರಿನಲ್ಲೇ ಇರುತ್ತದೆ. ಬೆಲೆ ಬ್ರಾಂಡ್‌ಗಳಿಗಿಂತ ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆ. ವರ್ಷಗಟ್ಟಲೆ, ಕೆಲವೊಮ್ಮೆ ಜೀವನಪೂರ್ತಿ ನಡೆಯುವ ಚಿಕಿತ್ಸೆಯಲ್ಲಿ ಈ ಉಳಿತಾಯ ಸಣ್ಣದಲ್ಲ. ದುಡ್ಡಿಲ್ಲದೆ ಅರ್ಧದಲ್ಲಿ ಬಿಟ್ಟ ಬ್ರಾಂಡ್ ಮಾತ್ರೆಗಿಂತ ತಪ್ಪದೆ ನುಂಗಿದ ಜನರಿಕ್ ಮಾತ್ರೆ ಮೇಲು ಎಂಬುದರಲ್ಲಿ ವಿವಾದವಿಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಮನೋರೋಗದ ಔಷಧಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ರಾಜ್ಯದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. ಸರ್ಕಾರ ಔಷಧಿಯನ್ನು ಟೆಂಡರ್ ಮೂಲಕ ಜನರಿಕ್ ಹೆಸರಿನಲ್ಲಿ ಕೊಳ್ಳುವುದರಿಂದ, ಟೆಂಡರ್ ಗೆದ್ದ ಕಂಪೆನಿ ಬದಲಾದಾಗ ಮಾತ್ರೆಯ ಬಣ್ಣ, ಆಕಾರ, ಸ್ಟ್ರಿಪ್ ಬದಲಾಗಬಹುದು. ದಾಸ್ತಾನು ಮುಗಿದ ತಿಂಗಳು ಅದೇ ರೋಗಿ ಹೊರಗಿನ ಅಂಗಡಿಯಲ್ಲಿ ಬ್ರಾಂಡೆಡ್ ಜನರಿಕ್ ಕೊಳ್ಳುತ್ತಾನೆ, ಮುಂದಿನ ತಿಂಗಳು ಮತ್ತೆ ಆಸ್ಪತ್ರೆಯ ಮಾತ್ರೆಗೆ ಮರಳುತ್ತಾನೆ. ಇಂಥ ಬದಲಾವಣೆ ಎಷ್ಟೋ ವೇಳೆ ಯಾವ ದಾಖಲೆಯಲ್ಲೂ ಸೇರುವುದಿಲ್ಲ.

ವಿದೇಶಕ್ಕೆ ಓದಲು, ದುಡಿಯಲು ಹೋಗುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಇಲ್ಲಿನ ಬ್ರಾಂಡ್ ಹೆಸರು ಅಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ. ಚೀಟಿಯಲ್ಲಿ ಔಷಧಾಂಶದ ಹೆಸರು, ಮಿ.ಗ್ರಾಂ, ನಿಧಾನ ಬಿಡುಗಡೆಯದೋ ಅಲ್ಲವೋ ಎಂಬ ಮೂರು ವಿವರ ಇದ್ದರೆ ಯಾವ ದೇಶದಲ್ಲೂ ಸಮಾನ ಮಾತ್ರೆ ಹುಡುಕಬಹುದು.

ಸದ್ಯದ ಸ್ಥಿತಿ

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೆಯ ಕಲಂ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಎಲ್ಲ ಔಷಧಿಗಳೂ ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕೆನ್ನುತ್ತದೆ. ಯಾವ ಕಂಪೆನಿಯದು, ಎಷ್ಟು ಕಾಲ ಅದೇ ಕಂಪೆನಿಯದು ಎಂಬುದನ್ನು ಅದು ಹೇಳುವುದಿಲ್ಲ.

ವೈದ್ಯರು ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಗಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಇದನ್ನು ಕಡ್ಡಾಯಗೊಳಿಸಿ ಶಿಸ್ತುಕ್ರಮವನ್ನೂ ಸೇರಿಸಿ ಹೊಸ ನಿಯಮಗಳನ್ನು ಹೊರಡಿಸಿತು. ಜನರಿಕ್‌ಗಳ ಗುಣಮಟ್ಟ ಖಾತರಿಯಾಗುವ ಮುನ್ನ ಇದು ಸರಿಯಲ್ಲ, ಬ್ರಾಂಡ್ ಆರಿಸುವ ಅಧಿಕಾರ ವೈದ್ಯರಿಂದ ಅಂಗಡಿಯವರ ಕೈಗೆ ಹೋಗುತ್ತದೆ ಎಂದು ವೈದ್ಯರ ಸಂಘಟನೆಗಳು ಆಕ್ಷೇಪಿಸಿದವು. ಅದೇ ತಿಂಗಳ 23ರಂದು ಆ ನಿಯಮಗಳನ್ನು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು.